ಅರಸನಿಗೂ ದಂಡವುಂಟೇ?

(ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರದ ಓದುಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾನೂನು ಯಾರಿಗಾಗಿ ಇದೆ? ಅದು ಆಳುವವನ ಕೈಯಲ್ಲಿರುವ ಆಯುಧವೇ? ಅಥವಾ ಆಳುವವನನ್ನೂ ಪ್ರಜೆಯನ್ನೂ ಸಮಾನವಾಗಿ ಬಂಧಿಸುವ ಒಪ್ಪಂದವೇ? ಅತಿಕ್ರಮಣದ ನೋಟಿಸು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಕುಟುಂಬಗಳಿರುವ ಈ ಮೂರು ತಾಲೂಕುಗಳಲ್ಲಿ ಇದು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ, ಬದುಕಿನ ಪ್ರಶ್ನೆ.

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಅತ್ಯಂತ ನಿರ್ದಾಕ್ಷಿಣ್ಯವಾಗಿ ಎತ್ತಿಕೊಂಡವನು ಚೀನಾದ ಚಿಂತಕ ಹಾನ್ ಫೇಯ್. ಆದ್ದರಿಂದ ಇಂದು ಮೊದಲು ಅವನ ಕಾಲಕ್ಕೆ ಹೋಗೋಣ. ಅಲ್ಲಿಂದ ಮೈಸೂರಿನ ಒಂದು ಗ್ರಂಥಾಲಯಕ್ಕೆ ಬಂದು, ಕೊನೆಗೆ ನಮ್ಮ ಕಾಡಿಗೇ ಮರಳೋಣ.

ನೂಲು ಹಿಡಿದ ಕೈ

ಹಾನ್ ಫೇಯ್ ಬದುಕಿದ್ದು ಕ್ರಿ.ಪೂ. ಮೂರನೇ ಶತಮಾನದಲ್ಲಿ. ಚೀನಾ ಆಗ ಒಂದು ದೇಶವಾಗಿರಲಿಲ್ಲ. ಏಳು ದೊಡ್ಡ ರಾಜ್ಯಗಳು ಪರಸ್ಪರ ಕಾದಾಡುತ್ತಿದ್ದವು. ಅವುಗಳಲ್ಲಿ ದುರ್ಬಲವಾಗಿದ್ದ ಹಾನ್ ಎಂಬ ರಾಜ್ಯದ ಅರಸು ಮನೆತನದಲ್ಲಿ ಅವನು ಹುಟ್ಟಿದ. ಅವನಿಗೆ ಮಾತು ತೊದಲುತ್ತಿತ್ತು. ಆಸ್ಥಾನದಲ್ಲಿ ನಿಂತು ವಾದಿಸಲಾರದವನು ಲೇಖನಿ ಹಿಡಿದ. ಅವನ ಹೆಸರಿನಲ್ಲಿ 55 ಅಧ್ಯಾಯಗಳ ಒಂದು ಗ್ರಂಥ ಉಳಿದುಬಂದಿದೆ.

ಅವನ ಗುರು ಷುನ್‌ತ್ಸು. ಮನುಷ್ಯನ ಸ್ವಭಾವ ಮೂಲತಃ ಕೆಟ್ಟದ್ದು, ಆದರೆ ಶಿಕ್ಷಣ ಮತ್ತು ಸದಾಚಾರದಿಂದ ಅದನ್ನು ತಿದ್ದಬಹುದು ಎಂಬುದು ಗುರುವಿನ ಬೋಧನೆ. ಶಿಷ್ಯನು ಮೊದಲ ಮಾತಿನ ನೆರಳನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟ. ಮನುಷ್ಯನು ಲಾಭಕ್ಕೆ ಆಸೆಪಡುತ್ತಾನೆ, ನಷ್ಟಕ್ಕೆ ಹೆದರುತ್ತಾನೆ, ಇಷ್ಟೇ ಸಾಕು ಎಂದ. ಇದಕ್ಕೆ ಅವನು ಕೊಡುವ ನಿದರ್ಶನ ಹೀಗಿದೆ: ಗಾಡಿ ಮಾಡುವವನು ಜನರು ಶ್ರೀಮಂತರಾಗಲಿ ಎಂದು ಬಯಸುತ್ತಾನೆ, ಶವಪೆಟ್ಟಿಗೆ ಮಾಡುವವನು ಜನರು ಸಾಯಲಿ ಎಂದು ಬಯಸುತ್ತಾನೆ. ಒಬ್ಬನು ದಯಾಳು, ಇನ್ನೊಬ್ಬನು ಕ್ರೂರಿ ಎಂದು ಇದರರ್ಥವಲ್ಲ. ಜನ ಶ್ರೀಮಂತರಾಗದಿದ್ದರೆ ಗಾಡಿ ಮಾರಾಟವಾಗದು, ಯಾರೂ ಸಾಯದಿದ್ದರೆ ಪೆಟ್ಟಿಗೆ ಮಾರಾಟವಾಗದು.

ಹೀಗಿರುವಾಗ ರಾಜ್ಯವನ್ನು ಸಜ್ಜನಿಕೆಯ ಮೇಲೆ ಕಟ್ಟುವುದು ಮೂರ್ಖತನ ಎಂಬುದು ಅವನ ತೀರ್ಮಾನ. ಅವನು ತನಗಿಂತ ಹಿಂದಿನವರಿಂದ ಮೂರು ಸಾಧನಗಳನ್ನು ಆಯ್ದುಕೊಂಡ. ಮೊದಲನೆಯದು ಕಾನೂನು. ಅದು ಬರಹದಲ್ಲಿರಬೇಕು, ಎಲ್ಲರಿಗೂ ತಿಳಿದಿರಬೇಕು. ಎರಡನೆಯದು ತಂತ್ರ. ಅಧಿಕಾರಿಗಳ ಮೇಲೆ ಹತೋಟಿ ಇಟ್ಟುಕೊಳ್ಳುವ ಈ ವಿದ್ಯೆ ಅರಸನ ಎದೆಯಲ್ಲೇ ಗುಟ್ಟಾಗಿರಬೇಕು. ಮೂರನೆಯದು ಪದವಿಯ ಬಲ. ಜನರು ಸಿಂಹಾಸನಕ್ಕೆ ತಲೆಬಾಗುತ್ತಾರೆಯೇ ಹೊರತು ಅದರಲ್ಲಿ ಕುಳಿತವನ ಗುಣಕ್ಕಲ್ಲ. ಶಿಕ್ಷೆ ಮತ್ತು ಪುರಸ್ಕಾರ ಎಂಬ ಎರಡು ಹಿಡಿಗಳು ಅರಸನ ಕೈಯಲ್ಲಿರುವವರೆಗೆ ರಾಜ್ಯ ಅಲುಗದು ಎಂದು ಅವನು ನಂಬಿದ.

ಆ ವಿಚಾರದ ಒಳಗಿನ ಒಂದು ಸತ್ವವನ್ನು ನಾವು ಒಪ್ಪಲೇಬೇಕು. ಕುಲೀನರಿಗೊಂದು ನ್ಯಾಯ, ಬಡವರಿಗೊಂದು ನ್ಯಾಯ ನಡೆಯುತ್ತಿದ್ದ ಕಾಲದಲ್ಲಿ, ಮಂತ್ರಿಯ ತಪ್ಪಿಗೂ ಕೂಲಿಯವನ ತಪ್ಪಿಗೂ ಒಂದೇ ಅಳತೆ ಇರಬೇಕೆಂದು ಅವನು ಹೇಳಿದ. ಕಾನೂನನ್ನು ಬಡಗಿಯ ನೂಲಿಗೆ ಹೋಲಿಸಿದ. ಮರ ಸೊಟ್ಟಗಿದೆಯೆಂದು ನೂಲು ಸೊಟ್ಟಗಾಗುವುದಿಲ್ಲ. ವಂಶ, ವಶೀಲಿ, ಮುಖಸ್ತುತಿಗಳಿಂದ ಬೇಸತ್ತವರಿಗೆ ಈ ಮಾತು ಇಂದಿಗೂ ಹಿತವೆನಿಸುತ್ತದೆ.

ಆದರೆ ಪ್ರಶ್ನೆ ಉಳಿಯುವುದು ಇಲ್ಲಿಯೇ. ನೂಲು ಎಲ್ಲ ಮರಗಳನ್ನೂ ಅಳೆಯುತ್ತದೆ, ನಿಜ. ನೂಲು ಹಿಡಿದ ಕೈಯನ್ನು ಅಳೆಯುವವರು ಯಾರು? ಹಾನ್ ಫೇಯ್‌ನ ಬಳಿ ಇದಕ್ಕೆ ಉತ್ತರವಿಲ್ಲ. ಅರಸನು ಕಾನೂನಿಗೆ ಅನುಸಾರವಾಗಿ ನಡೆಯುವುದು ಅವನಿಗೇ ಹಿತ ಎಂದು ಉಪದೇಶಿಸುತ್ತಾನೆ. ನಡೆಯದಿದ್ದರೆ ಪ್ರಜೆ ಏನು ಮಾಡಬೇಕೆಂದು ಹೇಳುವುದಿಲ್ಲ.

ಅವನೇ ಹೇಳುವ ಒಂದು ಕಥೆಯಲ್ಲಿ ಈ ವ್ಯವಸ್ಥೆಯ ಸ್ವರೂಪ ಸ್ಪಷ್ಟವಾಗುತ್ತದೆ. ಒಬ್ಬ ಅರಸನು ಕುಡಿದು ನಿದ್ದೆ ಹೋದ. ಅವನಿಗೆ ಚಳಿಯಾದೀತೆಂದು ಕಿರೀಟ ಕಾಯುವ ಸೇವಕನು ಮೇಲೊಂದು ಅಂಗಿಯನ್ನು ಹೊದಿಸಿದ. ಎಚ್ಚರಗೊಂಡ ಅರಸನು ಇಬ್ಬರನ್ನು ಶಿಕ್ಷಿಸಿದ. ಅಂಗಿ ಕಾಯುವವನಿಗೆ ಕೆಲಸ ಮಾಡದಿದ್ದುದಕ್ಕೆ, ಕಿರೀಟ ಕಾಯುವವನಿಗೆ ತನ್ನದಲ್ಲದ ಕೆಲಸ ಮಾಡಿದ್ದಕ್ಕೆ. ಹಾನ್ ಫೇಯ್ ಇದನ್ನು ಮೆಚ್ಚಿ ಹೇಳುತ್ತಾನೆ. ಗಮನಿಸಿ, ಕರುಣೆ ಇಲ್ಲಿ ಒಂದು ಅಪರಾಧ. ಎಚ್ಚರ ತಪ್ಪುವಷ್ಟು ಕುಡಿದ ಅರಸನ ಮೇಲೆ ಮಾತ್ರ ಯಾವ ಆರೋಪವೂ ಇಲ್ಲ!

ಕಟ್ಟಿದವರನ್ನೇ ನುಂಗಿದ ವ್ಯವಸ್ಥೆ

ಈ ವಿಚಾರಗಳನ್ನು ಹಾನ್ ರಾಜ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಪಶ್ಚಿಮದ ಚಿನ್ ರಾಜ್ಯ ಅವುಗಳನ್ನು ಆಗಲೇ ಆಚರಣೆಗೆ ತಂದಿತ್ತು. ಅಲ್ಲಿ ಒಂದು ಶತಮಾನ ಮೊದಲೇ ಷಾಂಗ್ ಯಾಂಗ್ ಎಂಬ ಮಂತ್ರಿ ಕಠಿಣ ಕಾನೂನುಗಳನ್ನು ಜಾರಿಗೊಳಿಸಿದ್ದ. ಒಮ್ಮೆ ಯುವರಾಜನೇ ಕಾನೂನು ಮುರಿದ. ಮೇಲಿನವರು ಮುರಿಯುವುದರಿಂದಲೇ ಕಾನೂನು ನಿಲ್ಲುವುದಿಲ್ಲ ಎಂದು ಷಾಂಗ್ ಯಾಂಗ್ ಗುಡುಗಿದ. ಆದರೆ ಶಿಕ್ಷೆಯಾದದ್ದು ಯುವರಾಜನಿಗಲ್ಲ, ಅವನ ಶಿಕ್ಷಕರಿಗೆ. ಎಲ್ಲರಿಗೂ ಸಮಾನವೆಂದು ಸಾರಿದ ಕಾನೂನು ಸಿಂಹಾಸನದ ಮೆಟ್ಟಿಲ ಬಳಿ ನಿಂತುಬಿಟ್ಟಿತು. ಅದೇ ಯುವರಾಜ ಅರಸನಾದಾಗ ಷಾಂಗ್ ಯಾಂಗ್ ಪಲಾಯನ ಮಾಡಬೇಕಾಯಿತು. ದಾರಿಯಲ್ಲಿ ಛತ್ರವೊಂದರ ಬಾಗಿಲು ತಟ್ಟಿದಾಗ, ಗುರುತುಪತ್ರವಿಲ್ಲದವನಿಗೆ ಆಶ್ರಯ ಕೊಟ್ಟರೆ ಶಿಕ್ಷೆಯೆಂದು ಷಾಂಗ್ ಯಾಂಗನ ಕಾನೂನಿದೆ ಎಂದು ಛತ್ರದವನು ಬಾಗಿಲು ಹಾಕಿದನಂತೆ. ಕ್ರಿ.ಪೂ. 338ರಲ್ಲಿ ಅವನು ಕೊಲ್ಲಲ್ಪಟ್ಟ.

ಹಾನ್ ಫೇಯ್‌ನ ಅಂತ್ಯವೂ ಭಿನ್ನವಾಗಿರಲಿಲ್ಲ. ಅವನ ಬರಹಗಳನ್ನು ಓದಿದ ಚಿನ್ ಅರಸ ಅವನನ್ನು ಕಾಣಲು ಹಾತೊರೆದ. ರಾಯಭಾರಿಯಾಗಿ ಅಲ್ಲಿಗೆ ಹೋದ ಹಾನ್ ಫೇಯ್‌ನ ಮೇಲೆ ಅಲ್ಲಿಯ ಮಂತ್ರಿ, ಅವನದೇ ಸಹಪಾಠಿ ಲಿ ಸಿ, ಸಂಶಯದ ಬೀಜ ಬಿತ್ತಿದ. ಹಾನ್ ಫೇಯ್ ಸೆರೆಮನೆ ಸೇರಿದ. ಕ್ರಿ.ಪೂ. 233ರಲ್ಲಿ ಲಿ ಸಿ ಕಳುಹಿಸಿದ ವಿಷ ಕುಡಿದು ಸತ್ತ. ಅರಸ ಮನಸ್ಸು ಬದಲಿಸಿ ಬಿಡುಗಡೆಗೆ ಆಜ್ಞೆ ಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದು ಇತಿಹಾಸಕಾರ ಸಿಮಾ ಚಿಯನ್ ಬರೆದಿದ್ದಾನೆ. ಯಾರನ್ನೂ ನಂಬಬೇಡ ಎಂದು ಅರಸನಿಗೆ ಕಲಿಸಿದವನಿಗೆ, ತನ್ನ ನಿರಪರಾಧಿತ್ವವನ್ನು ಮಂಡಿಸಲು ಒಂದು ನ್ಯಾಯಾಲಯವೂ ಇರಲಿಲ್ಲ. ಲಿ ಸಿ ಕೂಡ ಕ್ರಿ.ಪೂ. 208ರಲ್ಲಿ ಚಿತ್ರಹಿಂಸೆಗೊಳಗಾಗಿ, ಮಾಡದ ತಪ್ಪನ್ನು ಒಪ್ಪಿಕೊಂಡು ಮರಣದಂಡನೆಗೆ ಗುರಿಯಾದ.

ಈ ನಡುವೆ ಚಿನ್ ಅರಸ ಕ್ರಿ.ಪೂ. 221ರಲ್ಲಿ ಇಡೀ ಚೀನಾವನ್ನು ಗೆದ್ದು ಪ್ರಥಮ ಚಕ್ರವರ್ತಿಯಾಗಿದ್ದ. ಅಳತೆ, ತೂಕ, ಲಿಪಿಗಳನ್ನು ಏಕರೂಪಗೊಳಿಸಿದ. ಕ್ರಿ.ಪೂ. 213ರಲ್ಲಿ ಪುಸ್ತಕಗಳನ್ನು ಸುಡಿಸಿದ. ಆ ಸಾಮ್ರಾಜ್ಯ ಹದಿನೈದು ವರ್ಷವೂ ಪೂರ್ತಿಯಾಗಿ ಬಾಳಲಿಲ್ಲ. ಪತನದ ಕಥೆ ನಮ್ಮಂತಹ ಮಲೆನಾಡಿನವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಗಡಿ ಕಾವಲಿಗೆ ಹೊರಟ ಒಂಬೈನೂರು ಜನ ಮಳೆಯಿಂದ ರಸ್ತೆ ಕಟ್ಟಿ ದಾರಿಯಲ್ಲೇ ಉಳಿದರು. ತಡವಾದರೆ ಮರಣದಂಡನೆ. ಹೋದರೂ ಸಾವು, ದಂಗೆ ಎದ್ದರೂ ಸಾವು ಎಂದಾಗ ಅವರು ದಂಗೆಯನ್ನೇ ಆರಿಸಿಕೊಂಡರು. ಇದು ಕ್ರಿ.ಪೂ. 209ರ ಮಾತು.

ನ್ಯಾಯದ ಚರ್ಚೆಯಲ್ಲಿ ಎದುರಾಳಿಗೂ ನ್ಯಾಯ ಸಲ್ಲಬೇಕು. ಈ ಕಥೆಯನ್ನು ಬರೆದವರು ಚಿನ್ ವಂಶವನ್ನು ಉರುಳಿಸಿದ ನಂತರದವರು. 1975ರಲ್ಲಿ ಶುಯಿಹುದಿ ಎಂಬಲ್ಲಿ ಒಬ್ಬ ಸ್ಥಳೀಯ ಅಧಿಕಾರಿಯ ಸಮಾಧಿಯಲ್ಲಿ ಚಿನ್ ಕಾಲದ ಕಾನೂನುಗಳನ್ನು ಬರೆದ ಬಿದಿರಿನ ಪಟ್ಟಿಗಳು ದೊರೆತವು. ಸರಕಾರಿ ದುಡಿಮೆಗೆ ತಡವಾಗಿ ಬಂದವರಿಗೆ ಅವುಗಳಲ್ಲಿ ಹೇಳಿರುವುದು ಮರಣದಂಡನೆಯನ್ನಲ್ಲ, ಛೀಮಾರಿ ಮತ್ತು ದಂಡವನ್ನು. ಮಳೆ ಬಂದರೆ ವಿನಾಯಿತಿಯೂ ಇತ್ತು. ಹಾಗಿದ್ದರೂ ರಾಜ್ಯ ಏಕೆ ಕುಸಿಯಿತು? ಪುಸ್ತಕದಲ್ಲಿನ ಕಾನೂನು ಎಷ್ಟೇ ಸೌಮ್ಯವಾಗಿರಲಿ, ಅದು ತನ್ನ ರಕ್ಷಣೆಗೆ ಬಂದೀತೆಂಬ ವಿಶ್ವಾಸ ಪ್ರಜೆಗೆ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ ಎಂದು ನನಗನಿಸುತ್ತದೆ.

ಮೈಸೂರಿಗೆ ಬಂದ ತಾಳೆಗರಿ

ನಮ್ಮ ನಾಡಿನಲ್ಲಿ ಹಾನ್ ಫೇಯ್‌ಗೆ ಹೋಲುವವರಿದ್ದರೇ? ಕೌಟಿಲ್ಯನ ಹೆಸರು ತಕ್ಷಣ ನೆನಪಾಗುತ್ತದೆ. ಅವನ ಅರ್ಥಶಾಸ್ತ್ರ ಬಹುಕಾಲ ಕಣ್ಮರೆಯಾಗಿತ್ತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಸರಕಾರಿ ಪ್ರಾಚ್ಯ ಗ್ರಂಥಾಲಯಕ್ಕೆ ತಾಳೆಗರಿಯ ಒಂದು ಕಟ್ಟನ್ನು ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದರ ಮಹತ್ವವನ್ನು ಗುರುತಿಸಿದರು. 1909ರಲ್ಲಿ ಮೂಲವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಜಗತ್ತು ಈ ಗ್ರಂಥವನ್ನು ಓದಿದ್ದು ಹೀಗೆ, ಮೈಸೂರಿನ ಮೂಲಕ.

ಕೌಟಿಲ್ಯನೂ ದಂಡನೀತಿಯ ಪ್ರತಿಪಾದಕ. ಗೂಢಚಾರರ ಜಾಲ, ಅಧಿಕಾರಿಗಳ ಮೇಲಿನ ಸಂಶಯ, ಹೆಜ್ಜೆಹೆಜ್ಜೆಗೂ ದಂಡದ ಲೆಕ್ಕ, ಎಲ್ಲವೂ ಅಲ್ಲಿದೆ. ಆದರೆ ಎರಡು ವ್ಯತ್ಯಾಸಗಳಿವೆ. ದಂಡ ಅತಿ ಕಠಿಣವಾದರೆ ಜನ ತಲ್ಲಣಿಸುತ್ತಾರೆ, ಅತಿ ಮೃದುವಾದರೆ ಅರಸನನ್ನು ತಿರಸ್ಕರಿಸುತ್ತಾರೆ, ಯೋಗ್ಯವಾದ ದಂಡಕ್ಕೆ ಮಾತ್ರ ಮನ್ನಣೆ ಎಂದು ಅವನು ಹೇಳುತ್ತಾನೆ. ಇನ್ನೂ ಮುಖ್ಯವಾದದ್ದು, ನಿರಪರಾಧಿಗೆ ದಂಡ ವಿಧಿಸಿದ ಅರಸನು ಅದರ ಮೂವತ್ತು ಪಟ್ಟು ತಾನೇ ದಂಡ ತೆರಬೇಕೆಂಬ ವಿಧಿ. ಆ ಹಣ ವರುಣನಿಗೆಂದು ನೀರಿಗೆ ಅರ್ಪಿತವಾಗಿ ಬ್ರಾಹ್ಮಣರಿಗೆ ಸಲ್ಲುತ್ತಿತ್ತೇ ಹೊರತು ಅನ್ಯಾಯಕ್ಕೊಳಗಾದವನ ಕೈ ಸೇರುತ್ತಿರಲಿಲ್ಲ ಎಂಬುದು ಬೇರೆ ಮಾತು. ಆದರೂ ಅರಸನೂ ತಪ್ಪಿತಸ್ಥನಾಗಬಲ್ಲ ಎಂಬ ಒಪ್ಪಿಗೆ ಅದರಲ್ಲಿದೆ.

ಇಷ್ಟಕ್ಕೇ ಕೌಟಿಲ್ಯನನ್ನು ಕೊಂಡಾಡಿ ಮುಗಿಸಿದರೆ ಅರ್ಧ ಸತ್ಯವಾದೀತು. ಅವನ ದಂಡದ ಪಟ್ಟಿಯಲ್ಲಿ ಒಂದೇ ಅಪರಾಧಕ್ಕೆ ವರ್ಣವನ್ನು ನೋಡಿ ಬೇರೆ ಬೇರೆ ಶಿಕ್ಷೆಗಳಿವೆ. ಹಾನ್ ಫೇಯ್‌ನಲ್ಲಿ ಪ್ರಜೆಗಳ ನಡುವೆ ಸಮಾನತೆಯಿದೆ, ಅರಸನಿಗೆ ಅಂಕುಶವಿಲ್ಲ. ಕೌಟಿಲ್ಯನಲ್ಲಿ ಅರಸನಿಗೆ ಒಂದಿಷ್ಟು ಅಂಕುಶವಿದೆ, ಪ್ರಜೆಗಳ ನಡುವೆ ಸಮಾನತೆಯಿಲ್ಲ. ನ್ಯಾಯ ಪೂರ್ಣವಾಗಬೇಕಾದರೆ ಎರಡೂ ಒಟ್ಟಿಗೆ ಬೇಕು.

ಎರಡೂ ಇಲ್ಲದ ಕಾನೂನು

ಎರಡೂ ಇಲ್ಲದ ಕಾನೂನನ್ನು ನಮ್ಮ ಹಿರಿಯರು ಕಂಡಿದ್ದಾರೆ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂತು. ತಲೆಮಾರುಗಳಿಂದ ಕಾಡನ್ನೇ ನಂಬಿ ಬದುಕಿದವನು ಒಮ್ಮೆಗೇ ಸರಕಾರದ ಸೊತ್ತಿಗೆ ಕೈಹಾಕಿದ ಕಳ್ಳನಾದ. ಕುಮರಿ ಬೇಸಾಯ ನಿಷಿದ್ಧವಾಯಿತು. ಅಡಿಕೆ ತೋಟವಿದ್ದವರಿಗೆ ಸೊಪ್ಪು, ದರಕು ತರಲು ಎಕರೆಗೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯ ದೊರೆಯಿತು. ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ! ಕಟ್ಟಿಗೆಯ ಹೊರೆ ಹೊತ್ತ ಬಡವನಿಗೆ ದಂಡ, ಅದೇ ಕಾಡಿನ ಸಾಗುವಾನಿಯನ್ನು ಸಾಗಿಸಿದ ಸರಕಾರಕ್ಕೆ ಆದಾಯ. ಕಾನೂನು ಬರಹದಲ್ಲಿತ್ತು, ಪ್ರಕಟವಾಗಿತ್ತು, ಹಾನ್ ಫೇಯ್ ಕೇಳಿದ ಲಕ್ಷಣಗಳೆಲ್ಲ ಇದ್ದವು. ಅದನ್ನು ಮಾಡುವಾಗ ಇಲ್ಲಿಯವರನ್ನು ಯಾರೂ ಕೇಳಿರಲಿಲ್ಲ.

ಜನರು ಕೊಟ್ಟ ಉತ್ತರ ಚಿನ್ ರಾಜ್ಯದ ಆ ಒಂಬೈನೂರು ಜನರ ಉತ್ತರದಂತಿರಲಿಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನನ್ನೂ, ಘಟ್ಟದ ಮೇಲೆ ಅರಣ್ಯದ ಕಾನೂನನ್ನೂ ಬಹಿರಂಗವಾಗಿ, ಹೇಳಿಯೇ ಮುರಿದರು. ಬಳಿಕ ಸಿದ್ದಾಪುರ, ಶಿರಸಿ, ಅಂಕೋಲೆಗಳಲ್ಲಿ ಕರನಿರಾಕರಣೆ ನಡೆಯಿತು. ಜಮೀನು ಜಪ್ತಿಯಾಯಿತು, ಹರಾಜಾಯಿತು. ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಸಿದ್ದಾಪುರದ ಹೆಣ್ಣುಮಕ್ಕಳು ಉಪವಾಸ ಕುಳಿತರು. ಮಾವಿನಗುಂಡಿಯಲ್ಲಿ ಅವರ ನೆನಪಿನ ಸ್ಮಾರಕವಿದೆ. ಮುಂಬಯಿಯಲ್ಲಿ ಜನಪ್ರತಿನಿಧಿಗಳ ಸರಕಾರ ಬಂದ ಮೇಲೆ, ಮುಟ್ಟುಗೋಲಾದ ಜಮೀನುಗಳನ್ನು ಹಿಂದಿರುಗಿಸಲು 1938ರಲ್ಲಿ ಕಾಯ್ದೆಯಾಯಿತು. ಒಂದು ಕಾನೂನು ಕಸಿದದ್ದನ್ನು ಇನ್ನೊಂದು ಕಾನೂನು ಮರಳಿಸಿತು. ಭಯವನ್ನಷ್ಟೇ ನೆಚ್ಚಿದ ಹಾನ್ ಫೇಯ್‌ನ ಲೆಕ್ಕಾಚಾರದಲ್ಲಿ ಇಂಥ ಪ್ರಜೆಗೆ ಸ್ಥಾನವೇ ಇಲ್ಲ. ಲಾಭವೂ ಇಲ್ಲ, ಶಿಕ್ಷೆಯೂ ಖಚಿತ, ಆದರೂ ಅನ್ಯಾಯವನ್ನು ಒಪ್ಪದೆ, ಕೈಯೆತ್ತದೆ, ಶಿಕ್ಷೆಯನ್ನು ಸ್ವೀಕರಿಸಿ ನಿಲ್ಲುವ ಮನುಷ್ಯನಿದ್ದಾನೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಸ್ವಾತಂತ್ರ್ಯದ ನಂತರವೂ ಪ್ರಶ್ನೆ ಮುಗಿಯಲಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಸುತ್ತಲಿನ ಜನ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಕೊಡಲಿ ಹಿಡಿದು ಬಂದಿದ್ದವರ ಬಳಿ ಇಲಾಖೆಯ ಪರವಾನಗಿಯಿತ್ತು. ಕಾನೂನು ಅವರ ಕಡೆಗಿತ್ತು, ಕಾಡಿನ ಹಿತ ಜನರ ಕಡೆಗಿತ್ತು.

ಸಂವಿಧಾನದ ಮಾರ್ಗ

ಸಂವಿಧಾನದ 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುತ್ತದೆ. 13ನೇ ವಿಧಿ ಮೂಲಭೂತ ಹಕ್ಕುಗಳಿಗೆ ವಿರುದ್ಧವಾಗಿ ಸರಕಾರ ಮಾಡಿದ ಕಾನೂನು ಅಸಿಂಧುವೆನ್ನುತ್ತದೆ. ಹಾನ್ ಫೇಯ್‌ನ ಸಮಾನತೆ, ಕೌಟಿಲ್ಯನ ಅಂಕುಶ, ಎರಡೂ ಒಟ್ಟಿಗೆ ಬಂದದ್ದು ಇಲ್ಲಿ. 2024ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು, ಆರೋಪಿಯೆಂಬ ಕಾರಣಕ್ಕೆ ಯಾರದೇ ಮನೆಯನ್ನು ಕೆಡವುವುದು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ರಸ್ತೆ, ನದಿಯಂತಹ ಸಾರ್ವಜನಿಕ ಸ್ಥಳಗಳಲ್ಲಿನ ಅನಧಿಕೃತ ಕಟ್ಟಡಗಳನ್ನು ಬಿಟ್ಟರೆ, 15 ದಿನಗಳ ನೋಟಿಸು ಕಡ್ಡಾಯ ಎಂದಿತು. ಈ ನಿರ್ದೇಶನವನ್ನು ಮುರಿದ ಅಧಿಕಾರಿ ಕೆಡವಿದ್ದನ್ನು ಸ್ವಂತ ಖರ್ಚಿನಲ್ಲಿ ಮತ್ತೆ ಕಟ್ಟಿಸಿಕೊಡಬೇಕು, ಪರಿಹಾರವನ್ನೂ ತೆರಬೇಕು. ನೂಲು ಹಿಡಿದ ಕೈಯನ್ನು ಅಳೆಯುವುದೆಂದರೆ ಇದೇ.

2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆ ಅರಣ್ಯವಾಸಿಗಳಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಳ್ಳುತ್ತದೆ. ಪ್ರಭುತ್ವವೊಂದು ತನ್ನ ತಪ್ಪನ್ನು ಕಾನೂನಿನಲ್ಲೇ ಬರೆದಿಟ್ಟ ಅಪರೂಪದ ನಿದರ್ಶನವಿದು. ಹಕ್ಕು ನಿರ್ಣಯದ ಆರಂಭ ಗ್ರಾಮಸಭೆಯಲ್ಲಿ. ಯಲ್ಲಾಪುರದ ಕಾಡಂಚಿನಲ್ಲಿರುವ ಸಿದ್ದಿ ಸಮುದಾಯದಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಅವರು 2005ರ ಡಿಸೆಂಬರ್ 13ಕ್ಕೆ ಮೊದಲು ಜಮೀನು ತಮ್ಮ ಅನುಭವದಲ್ಲಿತ್ತೆಂದು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಇದರ ಜೊತೆಗೆ ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವನ್ನು ಅವಲಂಬಿಸಿ ವಾಸವಾಗಿದ್ದುದನ್ನು ತೋರಿಸಬೇಕು. ಲೆಕ್ಕ ಹಾಕಿ ನೋಡಿ. ಅದು 1930ಕ್ಕೆ ಹೋಗಿ ನಿಲ್ಲುತ್ತದೆ! ಯಾವ ವರ್ಷ ಇಲ್ಲಿಯ ಜನ ಅರಣ್ಯ ಕಾನೂನಿನ ವಿರುದ್ಧ ಎದ್ದು ನಿಂತರೋ, ಅದೇ ವರ್ಷದ ಪುರಾವೆಯನ್ನು ಇಂದು ಮೊಮ್ಮಕ್ಕಳ ಬಳಿ ಕೇಳಲಾಗುತ್ತಿದೆ. ಬಡವನ ಗುಡಿಸಲನ್ನು ಆ ಕಾಲದ ಯಾವ ದಫ್ತರ ಬರೆದಿಟ್ಟಿದೆ?

2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಲು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದಾಗ ಈ ಮೂರೂ ತಾಲೂಕುಗಳಲ್ಲಿ ನಡುಕ ಹುಟ್ಟಿತ್ತು. ಅದೇ 28ರಂದು ಆ ಆದೇಶಕ್ಕೆ ತಡೆ ಬಂತು. ಇಂತಹ ಸಂದರ್ಭದಲ್ಲಿ ಭಯ ನಮ್ಮ ಶತ್ರು, ಅಜ್ಞಾನ ಅದಕ್ಕಿಂತ ದೊಡ್ಡ ಶತ್ರು. ನಿರ್ದಿಷ್ಟ ಒಂದು ದಾಖಲೆಯೇ ಬೇಕೆಂದು ಉಪವಿಭಾಗ ಅಥವಾ ಜಿಲ್ಲಾ ಸಮಿತಿ ಹಟ ಹಿಡಿಯಕೂಡದೆಂದು ನಿಯಮಗಳೇ ಹೇಳುತ್ತವೆ. ಊರ ಹಿರಿಯರ ಹೇಳಿಕೆ, ಹಳೆಯ ಬಾವಿ, ಗೋರಿ, ಪೂಜಾಸ್ಥಳಗಳೂ ಸಾಕ್ಷ್ಯಗಳೇ. ಗ್ರಾಮಸಭೆಯ ನಿರ್ಣಯದಿಂದ ನೊಂದವರು 60 ದಿನಗಳೊಳಗೆ ಉಪವಿಭಾಗ ಸಮಿತಿಗೆ ಮನವಿ ಸಲ್ಲಿಸಬಹುದು. ನಮ್ಮಲ್ಲಿ ಓದಿದ ಯುವಕ ಯುವತಿಯರಿದ್ದಾರೆ. ಕೇರಿಗೊಬ್ಬರಾದರೂ ಈ ಕಾಯ್ದೆಯನ್ನು ಕೂತು ಓದಿ, ನೆರೆಯವನ ಅರ್ಜಿಯನ್ನು ಅವನ ಜಾತಿ ಧರ್ಮ ಕೇಳದೆ ಬರೆದುಕೊಡಬೇಕು. ಹಾಗೆಯೇ ಬಡವರ ಹೆಸರಿನ ಮರೆಯಲ್ಲಿ ಕಾಡು ನುಂಗುವ ಬಲಾಢ್ಯರಿದ್ದರೆ ಅವರ ಪರವಾಗಿ ನಾವು ನಿಲ್ಲಕೂಡದು. ನಮ್ಮವನಾದರೆ ವಿನಾಯಿತಿ, ಪರರಾದರೆ ಕಾನೂನು ಎಂಬುದು ನ್ಯಾಯವಲ್ಲ.

ಕೊನೆಯದಾಗಿ ಒಂದು ಮಾತು. ಹಾನ್ ಫೇಯ್‌ನ ಅರಸ ಅರಮನೆಯಲ್ಲಿ ಮಾತ್ರ ಇರುವುದಿಲ್ಲ. ಸದಸ್ಯರಿಗೆ ಹತ್ತು ನಿಯಮ ಮಾಡಿ ತಾನು ಲೆಕ್ಕಪತ್ರ ಒಪ್ಪಿಸದ ಮೊಹಲ್ಲಾ ಸಮಿತಿಯ ಅಧ್ಯಕ್ಷನಲ್ಲಿ, ಮಗುವಿನ ಸಣ್ಣ ಸುಳ್ಳಿಗೆ ಹೊಡೆದು ತಾನು ವ್ಯಾಪಾರದಲ್ಲಿ ಸುಳ್ಳಾಡುವ ತಂದೆಯಲ್ಲಿ, ಹೆಣ್ಣುಮಕ್ಕಳಿಗಷ್ಟೇ ಕಟ್ಟುಪಾಡು ವಿಧಿಸುವ ಮನೆಯಲ್ಲಿ ಅವನಿದ್ದಾನೆ. ನೀನು ಮಾಡಿದ ನಿಯಮ ನಿನಗೂ ಅನ್ವಯಿಸುವುದೇ ಎಂದು ಸರಕಾರವನ್ನು ಕೇಳುವ ನೈತಿಕ ಹಕ್ಕು ಬೇಕಾದರೆ, ಆ ಪ್ರಶ್ನೆಯನ್ನು ಮೊದಲು ನಮ್ಮ ಮನೆಯಲ್ಲಿ, ನಮ್ಮ ಸಂಘ ಸಂಸ್ಥೆಗಳಲ್ಲಿ ಕೇಳಿಕೊಳ್ಳೋಣ. ಈ ವರ್ಷದ ಲೆಕ್ಕಪತ್ರವನ್ನು ಸಭೆಯ ಮುಂದಿಡುವ ಮೂಲಕವೇ ನಮ್ಮ ಸಮಿತಿಗಳು ಇದನ್ನು ಆರಂಭಿಸಲಿ.